ಲಗ್ನದ ಗಾಡಿ ನಡುರಾತ್ರಿ ಹೊರಡದಿರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಲಗ್ನದ ಮನೆಗಳ ಹಿರಿಯರಿಗೆ, ಗಾಡಿ ಹೇಳುವ ಜವಾಬ್ದಾರಿ ಹೊತ್ತ ಕಾಕಾ, ಮಾಮಾ, ಅಣ್ಣಂದಿರಿಗೆ, ಅದೇ ಗಾಡಿಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಡುವ ಅವ್ವ, ಅಕ್ಕಂದಿರಿಗೆ,



ಮನೆಯಲ್ಲಿ ಒಂದು ಕಾರ್ಯ ಗಟ್ಟಿಯಾದ ಕೂಡಲೇ ನಮ್ಮ ಕಡೆ ಮೂರು ಪ್ರಶ್ನೆ ಏಳುತ್ತವೆ. ಅಡಿಗೆಯವರಿಗೆ ಹೇಳಿದಿರೇನು? ಪೆಂಡಾಲಿನವರಿಗೆ ಹೇಳಿದಿರೇನು? ಗಾಡಿಗೆ ಹೇಳಿದಿರೇನು? ಮೊದಲಿನ ಎರಡಕ್ಕೆ ಮನೆಮಂದಿಯೆಲ್ಲ ಕೂಡಿ ಕೂತು ಮಾತಾಡುತ್ತಾರೆ. ಗೋದಿ ಹುಗ್ಗಿಯೋ ಬುಂದಿಯೋ, ಬದನೆಕಾಯಿ ಪಲ್ಯ ಎಷ್ಟು ಮಂದಿಗೆ ಸಾಕು, ಪೆಂಡಾಲಿನ ಬಟ್ಟೆ ಯಾವ ಬಣ್ಣದ್ದು, ಒಂದೊಂದಕ್ಕೂ ನಾಲ್ಕು ಜನರ ಮಾತು ಬೀಳುತ್ತದೆ. ಮೂರನೆಯದು ಮಾತ್ರ ಒಬ್ಬರ ಫೋನಿನಲ್ಲಿ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ‘ಎಷ್ಟ ತಗೋತಿ? ಎಷ್ಟ ಮಂದಿ ಹಿಡಿಸ್ತಾರ? ನಸುಕಿನ್ಯಾಗ ಬಂದ ನಿಂದ್ರಬೇಕ ನೋಡು.’ ಅಷ್ಟೇ. ಆ ಎರಡು ನಿಮಿಷದ ಬಗ್ಗೆ ಈ ಪತ್ರ.

ನಾನು ಕೇಳಿಕೊಳ್ಳುವುದು ಒಂದು. ಗಾಡಿ ಹೇಳುವಾಗ ಡ್ರೈವರನ ನಿದ್ದೆಯ ಲೆಕ್ಕವನ್ನೂ ಹಾಕಿ. ಹಿಂದಿನ ರಾತ್ರಿ ಆತ ಎಲ್ಲಿರುತ್ತಾನೆ, ಎಷ್ಟು ಮಲಗುತ್ತಾನೆ, ನಮ್ಮ ಕಾರ್ಯದ ದಿನ ಯಾವಾಗ ಕಣ್ಣು ಮುಚ್ಚುತ್ತಾನೆ ಎಂದು ತಿಳಿದುಕೊಂಡ ಮೇಲೆಯೇ ಮುಂಗಡ ಕೊಡಿ. ಮರಳುವ ದಾರಿ ನಡುರಾತ್ರಿಯಿಂದ ಬೆಳಗಿನ ಜಾವದ ಒಳಗೆ ಬೀಳದಂತೆ ಕಾರ್ಯಕ್ರಮ ಹಾಕಿಕೊಳ್ಳಿ.

2025ರ ಏಪ್ರಿಲ್ 5ರ ಸುದ್ದಿ ನಿಮಗೆ ನೆನಪಿರಬಹುದು. ಬಾಗಲಕೋಟೆಯ ಮಂದಿ ಕೂಡಿಕೊಂಡು ಕಲಬುರ್ಗಿಯ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದರು. ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸಿನ ಹತ್ತಿರ ಅವರ ಗಾಡಿ ನಿಂತ ಲಾರಿಗೆ ಹಿಂದಿನಿಂದ ಬಡಿಯಿತು. 5 ಜನ ತೀರಿಕೊಂಡರು. ಹೊತ್ತು ಬೆಳಗಿನ ಮೂರೂವರೆಯ ಸುಮಾರು. ಸಿಂದಗಿಯವರಿಗೆ ನೆಲೋಗಿ ದೂರದ ಊರಲ್ಲ. ದವಾಖಾನೆಗೆಂದೋ ಬೀಗರ ಊರಿಗೆಂದೋ ಕಲಬುರ್ಗಿಗೆ ಹೋಗುವಾಗ ನೀವು ಹಾಯುವುದು ಅದೇ ಹೆದ್ದಾರಿಯನ್ನು.

ಅದರ ಹಿಂದಿನ ವರ್ಷ, 2024ರ ಜೂನ್ 28ರಂದು, ಹಾವೇರಿ ಜಿಲ್ಲೆ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ ಇನ್ನೊಂದು ಗಾಡಿ, ಒಂದು ಟಿಟಿ (ಟೆಂಪೊ ಟ್ರಾವೆಲರ್), ಹೀಗೇ ನಿಂತ ಲಾರಿಗೆ ಬಡಿದಿತ್ತು. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು, ನಮ್ಮ ಕಡೆಯ ದೇವರುಗಳ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು. ಹೆಚ್ಚಿನವರು ಒಂದೇ ಬಳಗದವರು. 13 ಜನ ಹೋದರು. ಅದೂ ಬೆಳಗಿನ ಜಾವವೇ. 2022ರ ಆಗಸ್ಟ್ 25ರಂದು ರಾಯಚೂರು ಕಡೆಯ ದುಡಿಯುವ ಜನರನ್ನು ಹೇರಿಕೊಂಡು ಬೆಂಗಳೂರಿಗೆ ಹೊರಟ ಕ್ರೂಸರ್ ಶಿರಾ ಹತ್ತಿರ ಲಾರಿಗೆ ಬಡಿದು 9 ಜನ ಸತ್ತರು. ಅದೂ ನಸುಕಿನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಧಾರವಾಡ ತಾಲೂಕಿನ ಬಾಡ ಗ್ರಾಮದ ಹತ್ತಿರ, ಮದುವೆಯ ಕಾರ್ಯಕ್ಕೆ ಹೋಗಿ ರಾತ್ರಿ ಮರಳುತ್ತಿದ್ದವರ ಕ್ರೂಸರ್ ರಸ್ತೆ ಬದಿಯ ಮರಕ್ಕೆ ಬಡಿಯಿತು. ಸತ್ತವರಲ್ಲಿ ಮಕ್ಕಳೂ ಇದ್ದರು.

ಯಾವ ಅಪಘಾತದಲ್ಲಿ ಯಾರ ತಪ್ಪು ಎಷ್ಟು ಎಂದು ತೀರ್ಮಾನಿಸುವುದು ಪೊಲೀಸರ ಮತ್ತು ಕೋರ್ಟಿನ ಕೆಲಸ. ರಸ್ತೆ ಬದಿಗೆ ದೀಪವಿಲ್ಲದೆ, ಹಿಂದೆ ರಿಫ್ಲೆಕ್ಟರ್ ಇಲ್ಲದೆ ಲಾರಿ ನಿಲ್ಲಿಸುವುದೂ ಅಪರಾಧವೇ. ಎಲ್ಲ ಅಪಘಾತವೂ ನಿದ್ದೆಯಿಂದಲೇ ಆಗುವುದಿಲ್ಲ ಎನ್ನುವುದೂ ಗೊತ್ತು. 2021ರ ಜನವರಿ 15ರಂದು ದಾವಣಗೆರೆಯ ಗೆಳತಿಯರು ಕೂಡಿಕೊಂಡು ಸಂಕ್ರಾಂತಿಗೆ ಗೋವಾಕ್ಕೆ ಹೊರಟಾಗ ಧಾರವಾಡದ ಇಟಿಗಟ್ಟಿ ಹತ್ತಿರ ಅವರ ಟಿಟಿ ಟಿಪ್ಪರಿಗೆ ಬಡಿಯಿತಲ್ಲ, ಆಗ ಹೊತ್ತು ಹೊರಟಿತ್ತು. ಅಲ್ಲಿ ಜನ ಎದ್ದು ಕೇಳಿದ್ದು ಇಕ್ಕಟ್ಟಾದ ಬೈಪಾಸ್ ರಸ್ತೆಯ ಬಗ್ಗೆ, ಕೇಳಿದ್ದು ಸರಿಯೇ. ರಸ್ತೆ ಸರ್ಕಾರದ್ದು, ಬ್ರೇಕು ಮಾಲೀಕನದ್ದು. ಆದರೆ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಹೊತ್ತಿಗೆ ನಿಲ್ಲಬೇಕು ಎನ್ನುವುದು ಗಾಡಿ ಹೇಳಿದ ನಮ್ಮ ಕೈಯಲ್ಲಿದೆ. ಬೇರೆ ಯಾರೂ ನಮ್ಮನ್ನು ರಾತ್ರಿ ಎರಡು ಗಂಟೆಗೆ ಹೊರಡಿ ಎಂದು ಹೇಳುವುದಿಲ್ಲ.

ನಾವು ಯಾಕೆ ಹೊರಡುತ್ತೇವೆ ಎನ್ನುವುದಕ್ಕೆ ಕಾರಣಗಳಿವೆ, ಅವು ಹುರುಳಿಲ್ಲದವಲ್ಲ. ನಮ್ಮದು ಬಿಸಿಲಿನ ನಾಡು. ಲಗ್ನದ ಹಂಗಾಮು ಬರುವುದು ಏಪ್ರಿಲ್–ಮೇ ತಿಂಗಳಲ್ಲಿ. ಪಾರಾ 40 ದಾಟಿದ ದಿನ ಮಧ್ಯಾಹ್ನ ಕ್ರೂಸರಿನ ತಗಡು ಕಾದು ಕೂತರೆ ಕೂಸುಗಳು ಬೆಂದುಹೋಗುತ್ತವೆ. ಅದಕ್ಕೇ ತಂಪೊತ್ತು ನೋಡಿ ಹೊರಡುತ್ತೇವೆ. ಮರುದಿನ ಹೊಲದ ಕೆಲಸ ಬಿಡುವಂತಿಲ್ಲ, ಎಮ್ಮೆ ಹಿಂಡಬೇಕು, ಇಂಡಿ ಕಡೆಯವರಾದರೆ ನಿಂಬೆಯ ತೋಟಕ್ಕೆ ನೀರು ಬಿಡಬೇಕು. ಪರ ಊರಿನಲ್ಲಿ ಹತ್ತಿಪ್ಪತ್ತು ಜನ ವಸ್ತಿ ಉಳಿಯುವುದೆಂದರೆ ಖರ್ಚು, ಹಾಸಿಗೆಯ ತೊಂದರೆ, ಹೆಣ್ಣುಮಕ್ಕಳಿಗೆ ಮುಜುಗರ. ಇದೆಲ್ಲ ದಿಟ.

ಆದರೆ ಇನ್ನೊಂದು ಕಾರಣವೂ ಇದೆ, ಅದನ್ನು ನಾವಾಗಿಯೇ ತಂದುಕೊಳ್ಳುತ್ತೇವೆ. ‘ಹ್ಯಾಂಗೂ ಗಾಡಿ ಮಾಡೀವಿ, ಪಂಢರಪುರನೂ ಮುಗಿಸ್ಕೊಂಡ ಬರೂಣು.’ ಮುದ್ದೇಬಿಹಾಳದಿಂದ ತುಳಜಾಪುರಕ್ಕೆ ಮೊಮ್ಮಗನ ಜವಳ ತೆಗೆಸಲು ಹೊರಡುತ್ತೀರಿ ಅನ್ನಿ. ವಿಜಯಪುರ, ಸೊಲ್ಲಾಪುರ ಹಾಯ್ದು ಹೋಗುವುದಕ್ಕೇ ಇನ್ನೂರು ಕಿಲೋಮೀಟರಿನ ಮೇಲೆ. ನಸುಕಿಗೆ ಬಿಟ್ಟು ದರ್ಶನದ ಸಾಲಿನಲ್ಲಿ ನಿಂತು ನೈವೇದ್ಯ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಅಜ್ಜಿಗೆ ವಿಠ್ಠಲನ ನೆನಪಾಗುತ್ತದೆ, ಸೊಸೆಗೆ ಅಕ್ಕಲಕೋಟೆಯ ಸ್ವಾಮಿಗಳ ನೆನಪಾಗುತ್ತದೆ. ಇಬ್ಬರ ಭಕ್ತಿಯೂ ದೊಡ್ಡದೇ. ಮುಂಗಡ ಕೊಡುವಾಗ ಹೇಳಿದ್ದು ಒಂದು ದೇವರಿಗೆ, ದಾರಿಯಲ್ಲಿ ಮೂರಾಗುತ್ತವೆ. ಡ್ರೈವರ್ ಒಲ್ಲೆ ಅನ್ನಲಾರ, ಬಾಡಿಗೆ ಬರುವುದು ಕಿಲೋಮೀಟರಿನ ಲೆಕ್ಕದಲ್ಲಿ. ಊರಿಗೆ ತಿರುಗುವಾಗ ರಾತ್ರಿ ಹನ್ನೆರಡು ಹೊಡೆದಿರುತ್ತದೆ.

ಈಗ ಆ ಡ್ರೈವರನ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಿ.

ಲಗ್ನದ ದಿನ ಐದಕ್ಕೆ ಗಾಡಿ ನಿಮ್ಮ ಓಣಿಯ ಅಗಸಿಯ ಮುಂದೆ ನಿಲ್ಲಬೇಕಾದರೆ ಆತ ಮೂರಕ್ಕೆ ಎದ್ದಿರುತ್ತಾನೆ. ಗಾಡಿ ತೊಳೆದು, ಡೀಸೆಲ್ ಹಾಕಿಸಿ, ಮುಂದಿನ ಕನ್ನಡಿಗೆ ಹೂವಿನ ಸರ ಕಟ್ಟಿಕೊಂಡು ಬಂದು ನಿಂತರೆ ನಾವು ಹೊರಡುವುದು ಏಳಕ್ಕೆ. ಆ ಎರಡು ತಾಸು ಆತ ಮಲಗಿಲ್ಲ, ‘ಇಗೋ ಬಂದ್ರು, ಹೊಂಟ್ರು’ ಅನ್ನುತ್ತ ಸ್ಟೇರಿಂಗಿನ ಮುಂದೆ ಕೂತಿದ್ದಾನೆ. ಬೀಗರ ಊರು ಮುಟ್ಟಿದ ಮೇಲೆ ನಮಗೆಲ್ಲ ಚಾಪೆ, ಚಹಾ, ಉಪ್ಪಿಟ್ಟು. ಆತನಿಗೆ ಕೆಲಸ ಶುರು. ‘ತಮ್ಮಾ, ಬಸ್‌ಸ್ಟ್ಯಾಂಡಿಗೆ ಹೋಗಿ ಸ್ವಾದರಮಾವನ್ನ ಕರ್ಕೊಂಡ ಬಾ.’ ‘ತಮ್ಮಾ, ಹೂವಿನ ಹಾರ ಮರೆತ ಬಂದಾರ, ತಾಲೂಕಿಗೆ ಹೋಗಿ ಬರೂದು ಅರ್ಧ ತಾಸಿನ ಮಾತು.’ ‘ತಮ್ಮಾ, ಐಸ್ ಮುಗದೈತಿ.’ ಹನ್ನೆರಡೂವರೆಗೆ ಅಕ್ಕಿಕಾಳು ಬಿದ್ದು ಪಂಗತಿ ಕೂತರೆ ಮೊದಲು ಬೀಗರು, ಆಮೇಲೆ ಊರ ಹಿರಿಯರು, ಆಮೇಲೆ ಹೆಣ್ಣುಮಕ್ಕಳು. ಡ್ರೈವರ್ ಉಣ್ಣುವುದು ಕೊನೆಯ ಪಂಗತಿಗೆ, ಮೂರು ಗಂಟೆಗೆ. ಹುಗ್ಗಿ ಉಂಡ ಮೈಗೆ ನಿದ್ದೆ ಒತ್ತಿ ಬರುತ್ತದೆ. ನೆರಳು ಹುಡುಕಿ, ಹಿಂದಿನ ಸೀಟಿನಲ್ಲಿ ಕಾಲು ಕಿಟಕಿಯ ಹೊರಗೆ ಹಾಕಿ, ಮುಖದ ಮೇಲೆ ಟವೆಲ್ ಹೊದ್ದುಕೊಳ್ಳುವಷ್ಟರಲ್ಲಿ ಒಬ್ಬ ಹುಡುಗ ಬಂದು ಬಾಗಿಲು ಬಡಿಯುತ್ತಾನೆ, ಮೊಬೈಲ್ ಚಾರ್ಜಿಗೆ ಹಾಕಬೇಕಂತೆ. ಅದರ ಬೆನ್ನಿಗೆ ಇನ್ನೊಬ್ಬ ಬರುತ್ತಾನೆ, ಹಾಡು ಹಚ್ಚಬೇಕಂತೆ. ಸಂಜೆ ಮದುಮಗಳನ್ನು ಕಳಿಸುವ ಹೊತ್ತು. ಭಾಂಡೆ ಸಾಮಾನು, ತಿಜೋರಿ, ಗಾದಿ ಎಲ್ಲ ಕ್ಯಾರಿಯರಿನ ಮೇಲೆ ಏರಬೇಕು, ಹಗ್ಗ ಬಿಗಿಯುವವನೂ ಆತನೇ. ಅಳು, ಸಮಾಧಾನ, ಫೋಟೊ ಎಲ್ಲ ಮುಗಿದು ಗಾಡಿ ಹೊರಡುವಾಗ ಹತ್ತೂವರೆ.

ಹತ್ತೂವರೆ ಅಂದರೆ ಆತ ಎದ್ದು ಹತ್ತೊಂಬತ್ತೂವರೆ ತಾಸು. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಅಳೆದು ತೋರಿಸಿದ ಒಂದು ಮಾತು ಇಲ್ಲಿ ಹೇಳಬೇಕು. ಸತತ 17 ತಾಸು ಎಚ್ಚರ ಇದ್ದವನ ಕೈ–ಕಣ್ಣಿನ ಹೊಂದಿಕೆ, ರಕ್ತದ ಪ್ರತಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಸೇರಿದವನ ಮಟ್ಟಕ್ಕೆ ಇಳಿಯುತ್ತದೆ. 24 ತಾಸು ದಾಟಿದರೆ ಅದರ ಎರಡರಷ್ಟು. ನಮ್ಮ ಮೋಟಾರು ವಾಹನ ಕಾಯ್ದೆ ಡ್ರೈವರನಿಗೆ ಬಿಟ್ಟಿರುವ ಮಿತಿ 30 ಮಿಲಿಗ್ರಾಂ. ಕುಡಿದ ಡ್ರೈವರನ ಗಾಡಿಗೆ ನಿಮ್ಮಲ್ಲಿ ಯಾರೂ ಮಗಳನ್ನು ಹತ್ತಿಸುವುದಿಲ್ಲ. ಬಾಯಿ ವಾಸನೆ ಬಂದರೆ ಅಲ್ಲಿಯೇ ಇಳಿಸಿ ನಾಲ್ಕು ಮಾತು ಬೈದು ಬೇರೆ ಗಾಡಿ ಮಾಡುತ್ತೀರಿ. ನಿದ್ದೆಗೆಟ್ಟವನಿಗೆ ವಾಸನೆ ಇಲ್ಲ, ಅದಕ್ಕೇ ಆತನ ಪಕ್ಕದಲ್ಲಿ ಕೂತು ‘ಸ್ವಲ್ಪ ಜಲ್ದಿ ಹೊಡಿ’ ಅನ್ನುತ್ತೇವೆ.

ನಡುರಾತ್ರಿಯಿಂದ ಆರರವರೆಗೆ, ಅದರಲ್ಲೂ ಎರಡರಿಂದ ಐದರ ನಡುವೆ, ಮೈಯೇ ನಿದ್ದೆ ಕೇಳುತ್ತದೆ. ಆಗ ಬರುವುದು ಗೊರಕೆಯ ನಿದ್ದೆಯಲ್ಲ. ಕಣ್ಣು ತೆರೆದಂತೆಯೇ ಇದ್ದು ಮೂರು–ನಾಲ್ಕು ಸೆಕೆಂಡು ಬುದ್ಧಿ ಆರಿಹೋಗುತ್ತದೆ. ಗಾಡಿ 80ರ ವೇಗದಲ್ಲಿದ್ದರೆ ನಾಲ್ಕು ಸೆಕೆಂಡಿಗೆ ಸುಮಾರು 90 ಮೀಟರ್ ಹೋಗಿರುತ್ತದೆ. ಆ 90 ಮೀಟರಿನಲ್ಲಿ ನಿಂತ ಲಾರಿಯೋ, ಕಬ್ಬಿನ ಹಂಗಾಮಿನಲ್ಲಾದರೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೋ ಇದ್ದರೆ ಬ್ರೇಕ್ ಹಿಡಿಯುವ ಕಾಲೇ ಏಳುವುದಿಲ್ಲ. ಚಹಾ ಕುಡಿಸುವುದು, ಮುಖ ತೊಳೆಸುವುದು, ಜೋರು ಹಾಡು ಹಚ್ಚುವುದು, ಗುಟ್ಕಾ ಕೊಡುವುದು, ಇದರಿಂದ ಹತ್ತಿಪ್ಪತ್ತು ನಿಮಿಷ ದೂಡಬಹುದು, ಅಷ್ಟೇ. ನಿದ್ದೆಗೆ ನಿದ್ದೆಯೇ ಮದ್ದು.

ನಮ್ಮ ಅಜ್ಜಂದಿರ ಕಾಲದಲ್ಲಿ ನಿಬ್ಬಣ ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಹಳ್ಳದ ದಂಡೆ ಬಂತೆಂದರೆ ಕೊಳ್ಳು ಹರಿದು ಎತ್ತಿಗೆ ನೀರು ಕುಡಿಸಿ, ಹಿಡಿ ಮೇವು ಹಾಕಿ, ಅವು ಮೆಲುಕು ಹಾಕುವವರೆಗೆ ಮದುಮಗನೂ ಗಿಡದ ನೆರಳಿಗೆ ಕೂರುತ್ತಿದ್ದ. ಮುಹೂರ್ತಕ್ಕೆ ತಡವಾಗುತ್ತದೆ ಎಂದು ದಣಿದ ಎತ್ತಿಗೆ ಬಾರುಕೋಲು ಎತ್ತಿದವನನ್ನು ಊರೇ ಬೈಯುತ್ತಿತ್ತು. ಕಾರಹುಣ್ಣಿಮೆಯ ದಿನ ಇಂದಿಗೂ ಎತ್ತಿನ ಹೆಗಲಿಗೆ ನೊಗ ಇಡದವರು ನಾವು. ಡ್ರೈವರನೂ ಮೈ ದಣಿಯುವ ಜೀವ ಎಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ರೊಕ್ಕದ ಮಾತು. ನಿದ್ದೆಗೂ ಬಾಡಿಗೆಯ ಚೌಕಾಸಿಗೂ ನೇರ ಸಂಬಂಧ ಇದೆ. ಗಾಡಿ ತಂದವನು ಹೆಚ್ಚಾಗಿ ಸಾಲದ ಮೇಲೆ ತಂದಿರುತ್ತಾನೆ. ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಬಾಡಿಗೆ ಮಾತ್ರ ಹಾಗಲ್ಲ. ಆಷಾಢದಲ್ಲಿ ಲಗ್ನ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಅಧಿಕಮಾಸ ಬಂದರೆ ಇಡೀ ತಿಂಗಳು ಗಾಡಿ ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ. ಹಾಗಾಗಿ ಮುಹೂರ್ತ ದಟ್ಟವಾಗಿ ಬಂದ ದಿನಗಳಲ್ಲೇ ವರ್ಷದ ಗಳಿಕೆ ಎತ್ತಬೇಕು. ಅಕ್ಷಯ ತದಿಗೆಯನ್ನೇ ತೆಗೆದುಕೊಳ್ಳಿ. ಅಂದೇ ಬಸವ ಜಯಂತಿ. ಬಸವನಬಾಗೇವಾಡಿಗೂ ಕೂಡಲಸಂಗಮಕ್ಕೂ ಭಕ್ತರ ಗಾಡಿಗಳು, ಊರೂರಿಗೆ ಸಾಮೂಹಿಕ ವಿವಾಹ, ಮನೆಮನೆಯ ಲಗ್ನ ಎಲ್ಲವೂ ಅದೇ ದಿನ. ಅಂಥ ದಿನ ಒಂದೇ ಗಾಡಿಗೆ ಇಬ್ಬರು ಮುಂಗಡ ಕೊಟ್ಟಿರುತ್ತಾರೆ. ಹಿಂದಿನ ರಾತ್ರಿ ಒಂದು ನಿಬ್ಬಣ ಮುಟ್ಟಿಸಿ ಬಂದ ಡ್ರೈವರನೇ ನಸುಕಿಗೆ ನಿಮ್ಮ ಅಗಸಿಯ ಮುಂದೆ ನಿಲ್ಲುತ್ತಾನೆ. ನಾವು ಬಾಡಿಗೆಯಲ್ಲಿ ಐನೂರು ಮುರಿದೆವು ಎಂದು ಖುಷಿಪಟ್ಟರೆ ಮಾಲೀಕ ಆ ಐನೂರನ್ನು ಇನ್ನೊಂದು ಟ್ರಿಪ್ಪಿನಿಂದ ತುಂಬಿಕೊಳ್ಳುತ್ತಾನೆ, ಆ ಟ್ರಿಪ್ಪು ಡ್ರೈವರನ ನಿದ್ದೆಯಿಂದ ಬರುತ್ತದೆ. ಒಂದು ಸಂಜೆಯ ಡಿಜೆಗೆ ಸುರಿಯುವ ದುಡ್ಡಿನ ಚೂರು ಭಾಗ ಸಾಕು, ಡ್ರೈವರನ ನೈಟ್ ಹಾಲ್ಟಿಗೆ, ಬಾಟಾಕ್ಕೆ, ದೂರದ ದಾರಿಯಾದರೆ ಎರಡನೇ ಡ್ರೈವರನಿಗೆ. ಅಲ್ಲಿ ಕೈ ಬಿಗಿ ಹಿಡಿಯಬೇಡಿ.

ಕಾನೂನೂ ಇದನ್ನೇ ಹೇಳುತ್ತ ಬಂದಿದೆ. ಮೋಟಾರು ಸಾರಿಗೆ ಕಾರ್ಮಿಕರಿಗೆಂದು 1961ರಲ್ಲಿ ಮಾಡಿದ ಕಾಯ್ದೆ ದಿನಕ್ಕೆ 8 ತಾಸಿನ ದುಡಿಮೆ ಎಂದಿತು. ಐದು ತಾಸು ಓಡಿಸಿದ ಮೇಲೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಕೊಡದೆ ಮುಂದೆ ಓಡಿಸುವಂತಿಲ್ಲ ಎಂದಿತು. ನಮ್ಮ ಲಗ್ನದ ದಿನಕ್ಕೆ ಈ ಲೆಕ್ಕ ಹಚ್ಚಿ ನೋಡಿದರೆ ಆತನ ಪಾಳಿ ನಾವು ಉಂಡು ಏಳುವಷ್ಟರಲ್ಲೇ ಮುಗಿದಿರುತ್ತದೆ.

ಗಾಡಿಯ ಬಗ್ಗೆಯೂ ಒಂದೆರಡು ಮಾತು ಹೇಳಿಯೇ ಮುಂದೆ ಹೋಗಬೇಕು, ಯಾಕೆಂದರೆ ನಿದ್ದೆಗಣ್ಣಿನ ಒಂದು ತಪ್ಪು ಎಷ್ಟು ಮನೆಗಳನ್ನು ಮುಳುಗಿಸುತ್ತದೆ ಎನ್ನುವುದು ಒಳಗೆ ಎಷ್ಟು ಜನ ಇದ್ದಾರೆ ಎನ್ನುವುದರ ಮೇಲೆ ನಿಂತಿದೆ. ಕಾಯ್ದೆಯಲ್ಲಿ ಮ್ಯಾಕ್ಸಿಕ್ಯಾಬ್ ಅಂದರೆ ಡ್ರೈವರನನ್ನು ಬಿಟ್ಟು 12 ಜನರವರೆಗಿನ ಗಾಡಿ. ಕ್ರೂಸರಿನಲ್ಲಿ ನಾವು ಇಪ್ಪತ್ತು ಜನ ಕೂರುತ್ತೇವೆ, ಹುಡುಗರು ಹಿಂದಿನ ಏಣಿಗೆ ಜೋತುಬೀಳುತ್ತಾರೆ. ಹಿಂದಿನ ಅಡ್ಡ ಬೆಂಚಿನಲ್ಲಿ ಎದುರುಬದುರು ಕೂತವರಿಗೆ ಹಿಡಿಯಲು ಮೇಲಿನ ಒಂದು ಸರಳು ಬಿಟ್ಟರೆ ಏನೂ ಇಲ್ಲ. 2019ರ ತಿದ್ದುಪಡಿಯ ನಂತರ ಹೆಚ್ಚಿನ ತಲೆ ಒಂದಕ್ಕೆ 200 ರೂಪಾಯಿ ದಂಡ. ದಂಡ ಸಣ್ಣದು, ಆಮೇಲಿನ ಪರಿಹಾರದ ಕಥೆ ದೊಡ್ಡದು. 42 ಜನರಿಗೆ ವಿಮೆ ಇದ್ದ ಒಂದು ಬಸ್ಸಿನಲ್ಲಿ 90 ಜನ ಇದ್ದು ಅಪಘಾತವಾದಾಗ, ವಿಮಾ ಕಂಪನಿಯ ಹೊಣೆ 42 ಜನರ ಲೆಕ್ಕಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಆ ರೊಕ್ಕವನ್ನೇ ಎಲ್ಲರೂ ಹಂಚಿಕೊಳ್ಳಬೇಕಾಯಿತು. ಟಾಟಾ ಏಸ್, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಜಾತ್ರೆಗೆ ಹೋಗುವವರ ಗತಿ ಇನ್ನೂ ಕಷ್ಟ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬ ತೀರ್ಪು ಆಶಾ ರಾಣಿ ಪ್ರಕರಣದಲ್ಲಿ ಬಂದು ಎರಡು ದಶಕ ದಾಟಿದೆ. ಪರಿಹಾರವನ್ನು ಮಾಲೀಕನೇ ಕೊಡಬೇಕು. ಎರಡೆಕರೆ ಹೊಲದ ಮಾಲೀಕ ಹತ್ತು ಸಾವಿನ ಪರಿಹಾರವನ್ನು ಎಲ್ಲಿಂದ ತರುತ್ತಾನೆ? ಆತ ಬಹುಶಃ ನಿಮ್ಮ ಓಣಿಯವನೇ ಆಗಿರುತ್ತಾನೆ.

ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಮಾಡಲೇಬೇಡಿ. ಎರಡು ಸಾವಿರ ಕಡಿಮೆಗೆ ಬರುತ್ತದೆ, ಪರಿಚಯದವನ ಗಾಡಿ, ಒಳಗೆ ಎಸಿ ಇದೆ, ಎಲ್ಲ ಖರೆ. ಆದರೆ ಖಾಸಗಿ ಗಾಡಿಯ ಪಾಲಿಸಿಯಲ್ಲೇ ಬಾಡಿಗೆಗೆ ಓಡಿಸುವಂತಿಲ್ಲ ಎಂಬ ಷರತ್ತು ಇರುತ್ತದೆ. ಹಳದಿ ಬೋರ್ಡ್ ಇದ್ದರೂ ಅಲ್ಲಿಗೆ ಸಮಾಧಾನಪಡಬೇಡಿ. ಗಾಡಿಯ ನಂಬರ್ ಕೇಳಿ ತೆಗೆದುಕೊಂಡು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಫಿಟ್‌ನೆಸ್ ಎಂದಿನವರೆಗಿದೆ, ವಿಮೆ ಜೀವಂತ ಇದೆಯೋ ಇಲ್ಲವೋ ಎಂದು ಕಾಣಿಸುತ್ತದೆ. ಮನೆಯಲ್ಲಿ ಪಿಯುಸಿ ಓದುವ ಹುಡುಗಿಗೆ ಕೊಡಿ, ಅರ್ಧ ನಿಮಿಷದ ಕೆಲಸ. ಪಂಢರಪುರ, ಸೊಲ್ಲಾಪುರ, ತುಳಜಾಪುರ, ಅಕ್ಕಲಕೋಟೆ ಎಲ್ಲವೂ ಮಹಾರಾಷ್ಟ್ರ. ಗಡಿ ದಾಟುವ ಪರ್ಮಿಟ್ ಮತ್ತು ತೆರಿಗೆಯ ಮಾತನ್ನು ಊರಲ್ಲೇ ಮುಗಿಸಿಕೊಳ್ಳಿ. ಅದನ್ನು ತಪ್ಪಿಸಲೆಂದೇ ಕೆಲವರು ರಾತ್ರಿ ಹೊತ್ತು, ಒಳದಾರಿ ಹಿಡಿಯುವುದುಂಟು.

ಹೆಚ್ಚು ಜನ ಇದ್ದರೆ ನಿಗಮದ ಬಸ್ಸನ್ನು ಕೇಳಿ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ವಿಜಯಪುರ ವಿಭಾಗ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಸೇರಿದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಕಡೆ ಡಿಪೋಗಳಿವೆ. ಲಗ್ನ, ಪ್ರವಾಸಕ್ಕೆ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ ಕೊಡುತ್ತಾರೆ. ಡಿಪೋದಲ್ಲಿ ಅರ್ಜಿ ಬರೆದು ಠೇವಣಿ ಕಟ್ಟಬೇಕು, ದರ ಕಿಲೋಮೀಟರಿನ ಲೆಕ್ಕದಲ್ಲಿ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಈ ಒಪ್ಪಂದದ ಬಸ್ಸಿಗೆ ನಡೆಯುವುದಿಲ್ಲ, ಅದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಕ್ರೂಸರಿನ ಬಾಡಿಗೆ ಹಗುರ ಎಂದು ಕಾಣುತ್ತದೆ. ಆದರೆ ಮೂರು ಕ್ರೂಸರಿನ ಬಾಡಿಗೆ ಕೂಡಿಸಿ ನೋಡಿದರೆ ಬಸ್ಸು ಅಷ್ಟೇನೂ ಭಾರವಲ್ಲ. ಮುಖ್ಯವಾದದ್ದು, ಅಲ್ಲಿ ಡ್ರೈವರನಿಗೆ ಪಾಳಿಯ ಲೆಕ್ಕ ಇದೆ, ಬ್ರೇಕು, ಟೈರು ನೋಡುವ ಒಂದು ವರ್ಕ್‌ಶಾಪ್ ಇದೆ, ಹೊತ್ತು ಮೀರಿದರೆ ‘ಇಲ್ಲರೀ, ಡಿಪೋಕ್ಕ ಹೋಗಬೇಕು’ ಎಂದು ಆತ ಧೈರ್ಯದಿಂದ ಹೇಳಬಲ್ಲ. ಖಾಸಗಿ ಗಾಡಿಯ ಹುಡುಗನಿಗೆ ಹಾಗೆ ಹೇಳುವ ಬಲ ಇಲ್ಲ, ಆ ಬಲವನ್ನು ನಾವೇ ಕೊಡಬೇಕು.

ಹೇಗೆ ಕೊಡುವುದು? ಫೋನಿನ ಆ ಎರಡು ನಿಮಿಷವನ್ನು ಹತ್ತು ನಿಮಿಷ ಮಾಡಿ. ‘ಹಿಂದಿನ ದಿನ ಈ ಗಾಡಿ, ಈ ಹುಡುಗ ಎಲ್ಲಿ ಹೊಂಟಾರ? ರಾತ್ರಿ ಬಾಡಿಗಿ ಇದ್ರ ನಮಗ ಬ್ಯಾಡ, ಬ್ಯಾರೆ ಡ್ರೈವರ್ ಕೊಡು’ ಎಂದು ಮಾಲೀಕನಿಗೆ ಬಿಡಿಸಿ ಹೇಳಿ. ಹೋಗುವ ಊರು, ನಿಲ್ಲುವ ಊರು, ಮರಳುವ ಹೊತ್ತು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ, ದಾರಿಯಲ್ಲಿ ಹೊಸ ದೇವರು ಸೇರಿಸಬೇಡಿ. ಕಾರ್ಯದ ಮನೆಯಲ್ಲಿ ಡ್ರೈವರನನ್ನು ಮೊದಲ ಪಂಗತಿಗೆ ಕೂರಿಸಿ. ಆತ ಉಂಡ ಮೇಲೆ ಮೂರು ತಾಸು ಯಾರೂ ಎಬ್ಬಿಸಕೂಡದು ಎಂದು ಮನೆಯ ಒಬ್ಬ ಹುಡುಗನಿಗೆ ಜವಾಬ್ದಾರಿ ಕೊಡಿ. ಹೂವು, ಐಸು, ಬಸ್‌ಸ್ಟ್ಯಾಂಡಿನ ನೆಂಟರು ಎಲ್ಲದಕ್ಕೂ ಊರಿನ ಮೋಟರ್ ಸೈಕಲ್ ಸಾಕಷ್ಟಿವೆ. ಮುಂದಿನ ಸೀಟಿನಲ್ಲಿ ನಿದ್ದೆಬಡುಕ ಹಿರಿಯರನ್ನು ಕೂರಿಸಬೇಡಿ, ಎಚ್ಚರ ಇದ್ದು ಮಾತಾಡುವವರನ್ನು ಕೂರಿಸಿ. ಡ್ರೈವರ್ ಪದೇಪದೇ ಆಕಳಿಸಿದರೆ, ಗಾಡಿ ಬಿಳಿ ಪಟ್ಟಿಯ ಮೇಲೆ ಏರಿ ಇಳಿದರೆ, ಹಿಂದಿನ ಹಳ್ಳಿ ಯಾವುದು ಅಂತ ಕೇಳಿದಾಗ ಆತನಿಗೆ ನೆನಪಿಗೆ ಬರದಿದ್ದರೆ, ಪೆಟ್ರೋಲ್ ಬಂಕೋ ಧಾಬಾವೋ ದೀಪ ಇರುವ ಜಾಗ ನೋಡಿ ನಿಲ್ಲಿಸಿಬಿಡಿ. ಹೆದ್ದಾರಿಯ ಅಂಚಿಗೆ ಮಾತ್ರ ನಿಲ್ಲಿಸಬೇಡಿ. ಆತ ಎರಡು ತಾಸು ಮಲಗಲಿ.

ಅಕ್ಕಂದಿರೇ, ಇದರಲ್ಲಿ ನಿಮ್ಮ ಮಾತು ನಡೆಯಬೇಕು. ಕುಬಸದ ಕಾರ್ಯಕ್ಕೆ ಹೋಗಿ ಏಳು ತಿಂಗಳ ಬಸುರಿ ಮಗಳನ್ನು ತವರಿಗೆ ಕರೆತರುವ ಗಾಡಿಯಲ್ಲಿ ಇರುವವರೆಲ್ಲ ಹೆಂಗಸರೇ. ನಡುವಿನ ಸೀಟಿನಲ್ಲಿ ಆಕೆಗೆ ದಿಂಬು ಕೊಟ್ಟು, ‘ದಡಕಿ ನೋಡಿ ಸಾವಕಾಶ ಹೊಡಿಯಪ್ಪಾ’ ಅಂತ ದಾರಿಯುದ್ದಕ್ಕೂ ಹೇಳುವವರು ನೀವು. ಆ ಕಾಳಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ಯಿರಿ. ಹೊರಡುವ ಮೊದಲೇ ‘ನೀ ಮಲಗಿಯೇನಪ್ಪಾ? ಉಂಡಿಯೇನು?’ ಅಂತ ಕೇಳಿ. ಮಲಗಿಲ್ಲ ಅಂದರೆ ಯಾವ ಗಂಡಸು ಎಷ್ಟೇ ಗಡಿಬಿಡಿ ಮಾಡಿದರೂ ಗಾಡಿ ಹತ್ತಬೇಡಿ. ನೀವು ಹತ್ತದೆ ಗಾಡಿ ಹೊರಡುವುದಿಲ್ಲ. ಬೀಗರ ಮನೆಯಲ್ಲಿ ಒಂದು ರಾತ್ರಿ ಚಾಪೆಯ ಮೇಲೆ ಮಲಗಿದರೆ ಬೀಗತನಕ್ಕೆ ಕುಂದಿಲ್ಲ.

ಕಲ್ಯಾಣ ಮಂಟಪ ನಡೆಸುವ ಟ್ರಸ್ಟುಗಳಿಗೆ, ಮಠಗಳಿಗೆ, ಜಾತ್ರಾ ಕಮಿಟಿಯವರಿಗೂ ಇದೇ ಪತ್ರದಲ್ಲಿ ಒಂದು ಬೇಡಿಕೆ ಇದೆ. ನಿಮ್ಮಲ್ಲಿ ಮದುಮಗನ ಕೋಣೆ ಇದೆ, ಮದುಮಗಳ ಕೋಣೆ ಇದೆ, ಭಾಂಡೆ ಇಡುವ ಕೋಣೆ ಇದೆ. ಡ್ರೈವರ್ ಕೋಣೆ ಅಂತ ಒಂದು ಮಾಡಿ. ದೊಡ್ಡದೇನೂ ಬೇಡ. ನಾಲ್ಕು ಮಂಚ, ಒಂದು ಫ್ಯಾನು, ಕುಡಿಯುವ ನೀರು, ಕೈಕಾಲು ತೊಳೆಯುವ ಜಾಗ, ಡಿಜೆಯ ಸದ್ದು ತಲುಪದ ಮೂಲೆ. ಬಸವನಬಾಗೇವಾಡಿಯ ಬಸವೇಶ್ವರನ ಶ್ರಾವಣದ ಜಾತ್ರೆಗೆ, ಗೋಲಗೇರಿಯ ಗೊಲ್ಲಾಳೇಶ್ವರನ ಜಾತ್ರೆಗೆ ಬರುವ ಗಾಡಿಗಳನ್ನು ಎಲ್ಲಿ ನಿಲ್ಲಿಸಬೇಕು ಅಂತ ಪಾರ್ಕಿಂಗ್ ಬೋರ್ಡ್ ಹಾಕುತ್ತೀರಿ. ಆ ಗಾಡಿ ತಂದವರು ಎಲ್ಲಿ ಮಲಗಬೇಕು ಅಂತ ಇನ್ನೊಂದು ಬೋರ್ಡ್ ಹಾಕಿ. ದಾಸೋಹಕ್ಕೆ ಹೆಸರಾದ ನೆಲ ನಮ್ಮದು. ದೂರದಿಂದ ಬಂದವನಿಗೆ ಊಟದ ಜೊತೆ ಎರಡು ತಾಸಿನ ನಿದ್ದೆಯನ್ನೂ ಬಡಿಸುವುದು ನಿಮಗೆ ಭಾರವಾಗಲಾರದು.

ಈ ಹಂಗಾಮಿನ ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗ ಇನ್ನೊಂದು ಸಾಲು ಸೇರಿಸಲು ಸಾಧ್ಯವೇ ನೋಡಿ. ಅಕ್ಕಿಕಾಳಿನ ಹೊತ್ತು ಹಾಕುತ್ತೀರಿ, ಊಟದ ಹೊತ್ತು ಹಾಕುತ್ತೀರಿ. ಅದರ ಕೆಳಗೆ ‘ಗಾಡಿಗಳು ಸಂಜೆ 5ಕ್ಕೆ ಮರಳುತ್ತವೆ’ ಅಂತ ಬರೆಸಿ. ಬರೆದ ಹೊತ್ತಿಗೆ ಬೀಗರೂ ಒಪ್ಪುತ್ತಾರೆ, ಫೋಟೊದವನೂ ಜಲ್ದಿ ಮಾಡುತ್ತಾನೆ, ಮಗಳನ್ನು ಕಳಿಸುವವರೂ ಹೊತ್ತಿರುವಾಗಲೇ ಕಳಿಸುತ್ತಾರೆ. ಐದಕ್ಕೆ ಆಗದಿದ್ದರೆ, ಕಾರ್ಯ ರಾತ್ರಿಗೆ ಬಿದ್ದರೆ, ‘ಗಾಡಿಗಳು ಮರುದಿನ ಬೆಳಿಗ್ಗೆ 6ಕ್ಕೆ ಹೊರಡುತ್ತವೆ, ವಸ್ತಿಯ ವ್ಯವಸ್ಥೆ ಇದೆ’ ಅಂತ ಹಾಕಿ.

ಇಂತಿ,
ನಿಮ್ಮ ಜಿಲ್ಲೆಯವನೇ ಆದ ಒಬ್ಬ ಬೀಗ